ಗಿಡಕ್ಕೆ ಯಾವ ಬಣ್ಣದ ಬೆಳಕು? ಪದೇ ಪದೇ ಕೇಳುವ ಪ್ರಶ್ನೆಗಳು

ತಾರಸಿ ತೋಟ ಮಾಡುವವರು, ಹೂವು ಬೆಳೆಯುವವರು, ಮಕ್ಕಳ ಪ್ರಾಜೆಕ್ಟಿಗೆ ಒದ್ದಾಡುವ ಅಪ್ಪ-ಅಮ್ಮಂದಿರು ಇಷ್ಟು ವರ್ಷ ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ.

## ಮೊದಲ ಪಾಠ

ಬಿಸಿಲು ಬೆಳ್ಳಗೇ ಇರುತ್ತಲ್ಲ, ಬಣ್ಣದ ಮಾತು ಎಲ್ಲಿಂದ ಬಂತು?

ಕಾಮನಬಿಲ್ಲು ನೋಡಿದ್ದೀರಲ್ಲ, ಬಿಸಿಲಿನಲ್ಲಿ ಅವಿಷ್ಟೂ ಬಣ್ಣಗಳು ಬೆರೆತೇ ಇವೆ. ಬಣ್ಣಗಳ ಅಳತೆ, ಅಂದರೆ ಬೆಳಕಿನ ಅಲೆಯ ಉದ್ದ, ನ್ಯಾನೊಮೀಟರಿನಲ್ಲಿ. 400ರಿಂದ 500ರವರೆಗೆ ನೇರಳೆ-ನೀಲಿ, 500ರಿಂದ 600ರವರೆಗೆ ಹಸಿರು-ಹಳದಿ, 600ರಿಂದ 700ರವರೆಗೆ ಕಿತ್ತಳೆ-ಕೆಂಪು. ಗಿಡ ಅಡುಗೆ ಮಾಡಿಕೊಳ್ಳಲು ಬಳಸುವುದು ಹೆಚ್ಚುಕಡಿಮೆ ಇಷ್ಟನ್ನೇ. 700 ದಾಟಿದ ಮೇಲೆ ಬರುವುದು ಫಾರ್‌ರೆಡ್. ನಮಗದು ಕಂಡೂ ಕಾಣದಷ್ಟು ಮಸುಕು, ಗಿಡಕ್ಕೆ ಸ್ಪಷ್ಟ.

ಬೆಳಕು ಗಿಡಕ್ಕೆ ಊಟವೂ ಹೌದು, ಸುದ್ದಿಯೂ ಹೌದು. ದ್ಯುತಿಸಂಶ್ಲೇಷಣೆ ಊಟದ ಲೆಕ್ಕ. ಈಗ ಹಗಲೋ ರಾತ್ರಿಯೋ, ತಲೆಯ ಮೇಲೆ ಆಕಾಶ ಇದೆಯೋ ಬೇರೆ ಗಿಡ ಇದೆಯೋ, ಚಳಿಗಾಲ ಬಂತೋ ಇಲ್ಲವೋ ಎಂಬುದೆಲ್ಲ ಸುದ್ದಿಯ ಲೆಕ್ಕ. ಊಟದಲ್ಲಿ ಎಷ್ಟು ಬೆಳಕು ಎಂಬುದು ದೊಡ್ಡದು, ಯಾವ ಬಣ್ಣ ಎಂಬುದು ಚಿಕ್ಕದು. ಸುದ್ದಿಯಲ್ಲಿ ಬಣ್ಣವೇ ಮುಖ್ಯ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇವೆರಡನ್ನೂ ಕಲಸಿಕೊಂಡಿದ್ದರಿಂದ ಹುಟ್ಟಿದವು.

ಎಲೆ ಹಸಿರಾಗಿದೆ ಅಂದ್ರೆ ಹಸಿರು ಬೆಳಕು ಅದಕ್ಕೆ ಬೇಡ ಅಂತಲೇ ತಾನೇ?

ಶಾಲೆಯಲ್ಲಿ ನಮಗೂ ಹಾಗೇ ಹೇಳಿಕೊಟ್ಟಿದ್ದರು. ಪತ್ರಹರಿತ್ತನ್ನು ಹಿಂಡಿ ತೆಗೆದು ಗಾಜಿನ ನಳಿಕೆಯಲ್ಲಿ ಕರಗಿಸಿಟ್ಟರೆ ಮಾತು ನಿಜ. ಅದು ನೀಲಿ, ಕೆಂಪನ್ನು ಹೀರಿ ಹಸಿರನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಇಡೀ ಎಲೆಯಲ್ಲಿ ನಡೆಯುವುದು ಬೇರೆ. ಒಳಹೊಕ್ಕ ಹಸಿರು ಬೆಳಕು ಕೋಶದಿಂದ ಕೋಶಕ್ಕೆ ಪುಟಿಯುತ್ತ ಅಲೆಯುತ್ತದೆ. ಒಂದು ಸಲ ತಪ್ಪಿಸಿಕೊಂಡರೂ ಹತ್ತು ಸಲ ತಪ್ಪಿಸಿಕೊಳ್ಳಲಾಗದೆ ಹೆಚ್ಚುಪಾಲು ಒಳಗೇ ಸಿಕ್ಕಿಬೀಳುತ್ತದೆ. ಹೊರಗೆ ಬರುವ ಸ್ವಲ್ಪ ಭಾಗವೇ ನಮಗೆ ಕಾಣುವ ಹಸಿರು.

ಬಾಳೆ ಎಲೆಯೊಂದನ್ನು ಬಿಸಿಲಿಗೆ ಎತ್ತಿ ಹಿಡಿದು ಅಡಿಯಿಂದ ನೋಡಿ. ಕೆಳಗೆ ಇಳಿದು ಬರುವುದು ಹಸಿರು ಬೆಳಕು. ಎಲೆಯ ಮೇಲ್ಪದರ ನೀಲಿ, ಕೆಂಪನ್ನು ಖಾಲಿ ಮಾಡುತ್ತದೆ, ಹಸಿರು ತಳದ ಪದರದವರೆಗೂ ತಲುಪುತ್ತದೆ. 1972ರಲ್ಲಿ ಕೀತ್ ಮೆಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆಗಳನ್ನು ಬಣ್ಣಬಣ್ಣದ ಬೆಳಕಿನಲ್ಲಿಟ್ಟು ಎಷ್ಟು ದ್ಯುತಿಸಂಶ್ಲೇಷಣೆ ನಡೆಯುತ್ತದೆಂದು ಅಳೆದರು. ಕೆಂಪಿಗೆ ಮೊದಲ ಸ್ಥಾನ ಸಿಕ್ಕಿತು, ಆದರೆ ಹಸಿರು ನೀಲಿಗಿಂತ ಬಹಳ ಹಿಂದೇನೂ ಬಿದ್ದಿರಲಿಲ್ಲ. 2009ರಲ್ಲಿ ಜಪಾನಿನ ತೆರಾಶಿಮಾ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಗಲೇ ಪ್ರಖರವಾದ ಬಿಳಿ ಬೆಳಕಿನಲ್ಲಿರುವ ಎಲೆಗೆ ಇನ್ನಷ್ಟು ಬೆಳಕು ಕೊಡುವುದಾದರೆ ಕೆಂಪಿಗಿಂತ ಹಸಿರೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ತೋರಿಸಿತು. ಮೇಲಿನ ಪದರದ ಹೊಟ್ಟೆ ತುಂಬಿರುತ್ತದೆ, ತಳದವರಿಗೆ ಬಡಿಸಲು ಹಸಿರೇ ಬೇಕು.

ಕೆಂಪು ಬೆಳಕಿಗೆ ಹೂವು, ನೀಲಿ ಬೆಳಕಿಗೆ ಎಲೆ ಅಂತಾರೆ. ನಿಜವಾ?

ಅರ್ಧ ಮಾತ್ರ. ನೀಲಿ ಬೆಳಕಿಗೆ ಗಿಡ ಗಿಡ್ಡಗೆ, ಗಟ್ಟಿಮುಟ್ಟಾಗಿ ಬೆಳೆಯುತ್ತದೆ, ಎಲೆ ದಪ್ಪಗಾಗುತ್ತದೆ, ಪತ್ರರಂಧ್ರಗಳು ತೆರೆದುಕೊಳ್ಳುತ್ತವೆ. ಕೆಂಪು ಊಟಕ್ಕೆ ಉತ್ತಮ. ಆದರೆ ಬರೀ ಕೆಂಪಿನಲ್ಲಿ ಬೆಳೆಸಿದರೆ ಹಲವು ಗಿಡಗಳು ಸೊರಗಿ ಉದ್ದವಾಗುತ್ತವೆ, ಕೆಲವದರ ಎಲೆ ಮುರುಟುತ್ತದೆ. ಅಷ್ಟಿಷ್ಟು ನೀಲಿ ಬೆರೆಸಿದ ಕೂಡಲೇ ಸರಿಹೋಗುತ್ತವೆ.

ಹೂವಿನ ಮಾತು ಗಿಡದಿಂದ ಗಿಡಕ್ಕೆ ಬೇರೆ. ಟೊಮೆಟೊ, ಮೆಣಸಿನಕಾಯಿ ಹೊಟ್ಟೆ ತುಂಬಿದರೆ ಹೂ ಬಿಡುತ್ತವೆ, ಬಣ್ಣ ಕೇಳಿಕೊಂಡು ಕೂರುವುದಿಲ್ಲ. ಸೇವಂತಿಗೆ, ಅವರೆಯಂಥವು ರಾತ್ರಿಯ ಉದ್ದ ನೋಡುತ್ತವೆ. ಅವುಗಳ ವಿಷಯ ಹೊಲದ ಭಾಗದಲ್ಲಿದೆ.

ಈ ಬಣ್ಣದ ಹುಚ್ಚು ಹೊಸದೇನಲ್ಲ. ಫಿಲಡೆಲ್ಫಿಯಾದ ಆಗಸ್ಟಸ್ ಪ್ಲೆಸಂಟನ್ ಎಂಬ ಜನರಲ್ ಸಾಹೇಬರು ದ್ರಾಕ್ಷಿ ಮನೆಗೆ ನಡುನಡುವೆ ನೀಲಿ ಗಾಜು ಕೂರಿಸಿ, ಬಳ್ಳಿ ಎಲ್ಲಿಲ್ಲದಂತೆ ಬೆಳೆಯಿತು ಎಂದು ಸಾರಿದರು. 1876ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ತಂದರು, ಅದೂ ನೀಲಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ. ಅಮೆರಿಕದಲ್ಲಿ ಸ್ವಲ್ಪ ಕಾಲ ನೀಲಿ ಗಾಜಿಗೆ ಭಾರಿ ಬೇಡಿಕೆ ಬಂತು. ವಿಜ್ಞಾನಿಗಳು ಒರೆಗೆ ಹಚ್ಚಿದಾಗ ಉಳಿದದ್ದು ಇಷ್ಟೇ: ನೀಲಿ ಗಾಜು ಬೆಳಕನ್ನು ಕಡಿಮೆ ಮಾಡುತ್ತದೆ.

ನವರಾತ್ರಿ ಘಟಕ್ಕೆ ಹಾಕಿದ ಗೋಧಿ ಸಸಿ ಹಳದಿ ಯಾಕೆ ಬರುತ್ತೆ? ಅದೇ ಕಾಳು ಹೊಲದಲ್ಲಿ ಹಸಿರಾಗೇ ಬರುತ್ತಲ್ಲ?

ಬಹಳ ಚೆನ್ನಾದ ಪ್ರಶ್ನೆ. ಇದನ್ನು ಕೇಳಿದವರು ಉತ್ತರ ಕರ್ನಾಟಕದ ಕಡೆಯ ಅಜ್ಜಿ. ದೇವರ ಕೋಣೆಯ ಮೂಲೆ, ಮಣ್ಣಿನಲ್ಲಿ ಬಿತ್ತಿದ ಕಾಳು, ಪಕ್ಕದಲ್ಲಿ ನಂದಾದೀಪ, ಕಿಟಕಿ ಇದ್ದರೂ ಮುಚ್ಚಿರುತ್ತದೆ. ದಸರೆಯ ಹೊತ್ತಿಗೆ ಗೇಣುದ್ದದ, ಬೆಣ್ಣೆ ಬಣ್ಣದ, ಮುಟ್ಟಿದರೆ ಮುರಿಯುವ ಸಸಿಗಳು.

ಹೂ ಬಿಡುವ ಜಾತಿಯ ಗಿಡಗಳಿಗೆ ಪತ್ರಹರಿತ್ತು ತಯಾರಿಸುವಾಗ ಒಂದು ಹಂತದಲ್ಲಿ ಬೆಳಕು ಬೇಕೇ ಬೇಕು. ಬೆಳಕಿಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಕ್ಯಾರೊಟಿನಾಯ್ಡು ಎಂಬ ವರ್ಣದ್ರವ್ಯಗಳ ಹಳದಿ ಮಾತ್ರ ಕಾಣುತ್ತದೆ. ಜೊತೆಗೆ, ಕತ್ತಲಲ್ಲಿರುವ ಮೊಳಕೆ ತಾನಿನ್ನೂ ಮಣ್ಣೊಳಗೇ ಇದ್ದೇನೆ ಎಂದುಕೊಂಡು ಕಾಳಿನಲ್ಲಿದ್ದ ಬಂಡವಾಳವನ್ನೆಲ್ಲ ಉದ್ದವಾಗುವುದಕ್ಕೇ ಸುರಿಯುತ್ತದೆ. ಎಣ್ಣೆ ದೀಪದ ಕುಡಿ ಅದರ ಮನಸ್ಸು ಬದಲಿಸುವಷ್ಟು ಪ್ರಖರವಲ್ಲ, ಅದರಲ್ಲಿ ನೀಲಿಯಂತೂ ಇಲ್ಲವೆನ್ನುವಷ್ಟು ಕಡಿಮೆ. ಅದೇ ಸಸಿಯನ್ನು ಬೆಳಗ್ಗೆ ಪಡಸಾಲೆಗೆ ತಂದಿಡಿ, ಸಂಜೆಯೊಳಗೆ ಹಸಿರೇರತೊಡಗುತ್ತದೆ.

## ಮನೆಯೊಳಗೆ

ಕಿಟಕಿ ಪಕ್ಕ ಇಟ್ಟ ಟೊಮೆಟೊ ಸಸಿ ಉದ್ದಕ್ಕೆ ಬೆಳೆದು ಹೊರಗೆ ಬಾಗುತ್ತೆ. ಏನು ಕಮ್ಮಿಯಾಗಿದೆ?

ಬೆಳಕೇ ಕಮ್ಮಿ. ಕಿಟಕಿಯಿಂದ ಒಂದು ಮೀಟರ್ ಒಳಗೆ ಬಂದರೆ ಸಾವಿರ ಲಕ್ಸ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಸಿಗುವುದೂ ಕಷ್ಟ, ಹೊರಗೆ ಮಧ್ಯಾಹ್ನದ ಬಿಸಿಲು ಲಕ್ಷದ ಹತ್ತಿರ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ, ಹಾಗಾಗಿ ನಮಗೆ ಕೋಣೆ "ಬೆಳಕಾಗಿಯೇ" ಇರುತ್ತದೆ.

ಬಾಗುವುದು ನೀಲಿ ಬೆಳಕಿನ ಕೆಲಸ. ಚಾರ್ಲ್ಸ್ ಡಾರ್ವಿನ್ ಮಗನೊಡನೆ ಸೇರಿ ಹುಲ್ಲಿನ ಮೊಳಕೆಯ ತುದಿಗೆ ಟೋಪಿ ಹಾಕಿ ನೋಡಿ, ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು 1880ರಲ್ಲಿ ಬರೆದರು. ನೀಲಿ ಬೆಳಕನ್ನು ಗ್ರಹಿಸುವ ಆ ಪ್ರೋಟೀನಿಗೆ ಈಗ ಫೋಟೊಟ್ರೋಪಿನ್ ಎಂದು ಹೆಸರು. ಕುಂಡವನ್ನು ದಿನಾ ತಿರುಗಿಸಿದರೆ ಸಸಿ ನೆಟ್ಟಗೆ ನಿಂತೀತು, ಆದರೆ ಸಣಕಲಾಗಿಯೇ ನಿಲ್ಲುತ್ತದೆ. ಬಾಲ್ಕನಿಗೆ ಸಾಗಿಸಿ.

ನೇರಳೆ ಬಣ್ಣದ ಗ್ರೋ ಲೈಟೇ ಬೇಕಾ, ಮಾಮೂಲಿ ಎಲ್‌ಇಡಿ ಟ್ಯೂಬ್ ಸಾಕಾ?

ಮಾಮೂಲಿ ಬಿಳಿ ಟ್ಯೂಬ್ ಸಾಕು. ಅದರಲ್ಲಿ ನೀಲಿ, ಹಸಿರು, ಕೆಂಪು ಮೂರೂ ಇವೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಗೆ ಹಳದಿ ಫಾಸ್ಫರ್, ಅಂದರೆ ನೀಲಿಯನ್ನು ಹೀರಿ ಬೇರೆ ಬಣ್ಣದ ಬೆಳಕು ಸೂಸುವ ಪುಡಿ, ಲೇಪಿಸಿದ್ದು.

ನೇರಳೆ ದೀಪ ಬಂದದ್ದು ವಿದ್ಯುತ್ತಿನ ಲೆಕ್ಕದಿಂದ. ಒಂದು ಕೆಂಪು ಫೋಟಾನು (ಬೆಳಕಿನ ಕಣ) ಹುಟ್ಟಿಸಲು ನೀಲಿಗಿಂತ ಕಡಿಮೆ ಶಕ್ತಿ ಸಾಕು, ದ್ಯುತಿಸಂಶ್ಲೇಷಣೆ ಮಾತ್ರ ಫೋಟಾನುಗಳ ಎಣಿಕೆಯ ಮೇಲೆ ನಡೆಯುತ್ತದೆ. ಹಾಗಾಗಿ ಕೆಂಪು ಹೆಚ್ಚು, ನೀಲಿ ಸ್ವಲ್ಪ ಹಾಕಿದರೆ ಯೂನಿಟ್ಟಿಗೆ ಹೆಚ್ಚು ಬೆಳೆ. ಎಕರೆಗಟ್ಟಲೆ ಕಟ್ಟಡದೊಳಗೆ ಲೆಟ್ಯೂಸ್ ಬೆಳೆಯುವವರಿಗೆ ಇದು ದೊಡ್ಡ ಉಳಿತಾಯ. ನಾಲ್ಕು ಟ್ರೇ ಮೆಂತ್ಯ ಸೊಪ್ಪಿಗೆ ಅಲ್ಲ.

ನಾನೂ ಒಂದು ನೇರಳೆ ದೀಪ ಆನ್‌ಲೈನಿನಲ್ಲಿ ತರಿಸಿದ್ದೆ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 1000 ವ್ಯಾಟ್ ಎಂದಿತ್ತು, ಮೀಟರಿಗೆ ಹಾಕಿ ನೋಡಿದರೆ ನೂರೂ ಎಳೆಯಲಿಲ್ಲ. ಅದು ಹೋಗಲಿ. ಆ ಬೆಳಕಿನಲ್ಲಿ ಎಲ್ಲ ಎಲೆಯೂ ಕಪ್ಪಗೆ ಕಾಣುತ್ತದೆ. ಕೊತ್ತಂಬರಿ ಸೊಂಪಾಗಿ ಬಂದಿದೆ ಎಂದುಕೊಂಡು ಒಂದು ಭಾನುವಾರ ಟ್ರೇಯನ್ನು ಬಿಸಿಲಿಗೆ ತಂದರೆ ತಳದ ಎಲೆಗಳೆಲ್ಲ ಹಳದಿ, ದಂಟಿನ ತುಂಬ ಹೇನು. ಹದಿನೈದು ದಿನದಿಂದ ಅಲ್ಲೇ ಸಂಸಾರ ಹೂಡಿದ್ದವು. ಗಿಡದ ರೋಗ ಕಣ್ಣಿಗೆ ಬೀಳುವ ಬೆಳಕು ಇರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಹಾಗಾದ್ರೆ ಎಷ್ಟು ಟ್ಯೂಬ್, ಎಷ್ಟು ಗಂಟೆ? ಕರೆಂಟ್ ಬಿಲ್ ಎಷ್ಟಾಗುತ್ತೆ?

ನಾಲ್ಕಡಿ ಉದ್ದದ 20 ವ್ಯಾಟಿನ ಮೂರು ಟ್ಯೂಬ್, ಒಂದರ ಪಕ್ಕ ಒಂದು, ಸೊಪ್ಪಿನ ತುದಿಯಿಂದ ಅರ್ಧ ಅಡಿ ಮೇಲೆ. ಫೋನಿನ ಲಕ್ಸ್ ಆ್ಯಪ್ ಹಿಡಿದರೆ ಹತ್ತು ಸಾವಿರದ ಆಸುಪಾಸು ತೋರಿಸಬೇಕು. ದಿನಕ್ಕೆ 14 ಗಂಟೆ. ಮೈಕ್ರೋಗ್ರೀನ್, ಮೆಂತ್ಯ, ಕೊತ್ತಂಬರಿ ಬರುತ್ತವೆ. ಟೊಮೆಟೊ ಕಾಯಿಯ ಆಸೆ ಬೇಡ.

60 ವ್ಯಾಟ್ ಹದಿನಾಲ್ಕು ಗಂಟೆಗೆ 0.84 ಯೂನಿಟ್, ತಿಂಗಳಿಗೆ ಸುಮಾರು 25 ಯೂನಿಟ್. ಅಷ್ಟು ದುಡ್ಡಿಗೆ ಗಾಡಿಯವರ ಹತ್ತಿರ ಎಷ್ಟು ಕಟ್ಟು ಸೊಪ್ಪು ಬರುತ್ತದೆಂದು ಲೆಕ್ಕ ಹಾಕಬೇಡಿ, ಉತ್ಸಾಹ ಹೋಗುತ್ತದೆ.

ದೇವರ ಮನೆಯ ಕೆಂಪು ಜೀರೊ ಬಲ್ಬ್ ಗಿಡದ ಪಕ್ಕ ಹಾಕಿದ್ರೆ?

ಊಟಕ್ಕೆ ಏನೂ ಆಗದು, ತೀರಾ ಮಂಕು.

ಮಗಳ ವಿಜ್ಞಾನ ಪ್ರದರ್ಶನಕ್ಕೆ ಮೂರು ಕುಂಡಕ್ಕೆ ಕೆಂಪು, ನೀಲಿ, ಹಸಿರು ಜಿಲೆಟಿನ್ ಕಾಗದ ಸುತ್ತಿ ಹೆಸರುಕಾಳು ಬೆಳೆಸಿದ್ವಿ. ಹಸಿರಿನದು ಸೊರಗಿತು. ಹಸಿರು ಬೆಳಕು ಕೆಟ್ಟದ್ದು ಅಂತ ಬರೀಬಹುದಾ?

ಬರೆಯಬೇಡಿ. ಮೂರು ಕಾಗದವೂ ಒಂದೇ ಪ್ರಮಾಣದ ಬೆಳಕು ಬಿಡುವುದಿಲ್ಲ. ಸಸಿ ಸೊರಗಿದ್ದು ಬಣ್ಣಕ್ಕೋ ಕತ್ತಲಿಗೋ ಹೇಗೆ ಹೇಳುತ್ತೀರಿ? ಇನ್ನೊಂದು ತೊಡಕೂ ಇದೆ. ಇಂಥ ಬಣ್ಣದ ಹಾಳೆಗಳಲ್ಲಿ ಹೆಚ್ಚಿನವು, ನೀಲಿಯೂ ಸೇರಿ, ಫಾರ್‌ರೆಡ್ ಬೆಳಕನ್ನು ಆರಾಮವಾಗಿ ಒಳಬಿಡುತ್ತವೆ. ನಮಗೆ ಕಾಣದ ಆ ಬೆಳಕು ಸಸಿಯನ್ನು ಉದ್ದ ಎಳೆಯುತ್ತದೆ, ಆರೋಪ ಕಾಣುವ ಬಣ್ಣದ ಮೇಲೆ ಬರುತ್ತದೆ.

ಹಾಗೆಂದು ಪ್ರಯೋಗ ಬಿಡಬೇಡಿ. ಬಿಳಿ ಪಾರದರ್ಶಕ ಹಾಳೆ ಸುತ್ತಿದ ನಾಲ್ಕನೇ ಕುಂಡ ಇಡಿ. ಪ್ರತಿ ಹಾಳೆಯೊಳಗೂ ಫೋನಿಟ್ಟು ಲಕ್ಸ್ ಅಳೆದು ಬರೆದಿಡಿ. ಫೋನು ಹಸಿರನ್ನು ಹೆಚ್ಚಾಗಿ, ನೀಲಿ-ಕೆಂಪನ್ನು ಕಡಿಮೆಯಾಗಿ ತೋರಿಸುತ್ತದೆ ಎಂಬುದನ್ನೂ ಮಗಳು ತೀರ್ಪುಗಾರರಿಗೆ ಹೇಳಲಿ. ಬಹುಮಾನ ಬರದಿದ್ದರೂ ಅವಳು ಮಾಡಿದ್ದೇ ವಿಜ್ಞಾನ.

## ಹೊಲ, ತೋಟ

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಸೇವಂತಿಗೆ ಹೊಲದ ತುಂಬ ಬಲ್ಬ್ ಉರಿಸ್ತಾರಲ್ಲ, ಗಿಡ ಬೇಗ ಬೆಳೀಲಿ ಅಂತಾನಾ?

ಬಸ್ಸಿನಲ್ಲಿ ಹೋಗುವಾಗ ನೋಡಿ ಜಾತ್ರೆ ಎಂದುಕೊಂಡವರುಂಟು. ಆ ದೀಪ ಊಟಕ್ಕಲ್ಲ, ಸುದ್ದಿಗೆ. ಅದೂ ಸುಳ್ಳು ಸುದ್ದಿಗೆ. ಹೂ ಬಿಡುವುದನ್ನು *ತಡೆಯಲು* ಹಚ್ಚುವ ದೀಪಗಳವು.

ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಹಿಡಿಯುವ ಗಿಡ. ಮಾರುಕಟ್ಟೆಯ ಅನೇಕ ತಳಿಗಳಿಗೆ ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಮೊಗ್ಗಿನ ಯೋಚನೆ ಶುರು. ಬೆಂಗಳೂರಿನ ಅಕ್ಷಾಂಶದಲ್ಲಿ ಜೂನಿನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರಿನದು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಅಂದರೆ ಇಂಥ ತಳಿಗೆ ನಮ್ಮಲ್ಲಿ ವರ್ಷವಿಡೀ ಹೂವಿನ ಕಾಲವೇ. ಸಸಿ ಗೇಣುದ್ದ ಇರುವಾಗಲೇ ಮೊಗ್ಗು ಹಿಡಿದರೆ ಕಡ್ಡಿಯೂ ಇಲ್ಲ, ಇಳುವರಿಯೂ ಇಲ್ಲ. ಅದಕ್ಕೇ ಮೊದಲ ಕೆಲವು ವಾರ ದೀಪ ಉರಿಸಿ ಗಿಡವನ್ನು ಬೆಳೆಯಲು ಬಿಡುತ್ತಾರೆ. ಸಾಕಷ್ಟು ಎತ್ತರ ಬಂದ ಮೇಲೆ ದೀಪ ಆರಿಸುತ್ತಾರೆ. ಅಲ್ಲಿಂದ ತಳಿಗೆ ತಕ್ಕಂತೆ ಎಂಟು-ಹತ್ತು ವಾರಕ್ಕೆ ಹೂವು. ದಸರೆ ಅಕ್ಟೋಬರ್ ನಡುವಿಗೆ ಬಿದ್ದರೆ ಆಗಸ್ಟ್ ಮೊದಲ ವಾರದಲ್ಲಿ ಸ್ವಿಚ್ ಆಫ್. ಪಂಚಾಂಗ ನೋಡಿ ಸ್ವಿಚ್ ಒತ್ತುವ ಬೆಳೆ ಇದು.

ಗಿಡ ಎಣಿಸುವುದು ಕತ್ತಲನ್ನು. ಹಾಗಾಗಿ ಸಂಜೆಯಿಂದ ಬೆಳಗಿನವರೆಗೆ ಉರಿಸಬೇಕಿಲ್ಲ, ರಾತ್ರಿ ಹತ್ತರಿಂದ ಎರಡರವರೆಗೆ ಉರಿಸಿ ಉದ್ದದ ರಾತ್ರಿಯನ್ನು ಎರಡು ತುಂಡು ಮಾಡಿದರೆ ಸಾಕು. ಗಿಡದ ಮಟ್ಟದಲ್ಲಿ 100 ಲಕ್ಸ್ ಇದ್ದರೂ ನಡೆಯುತ್ತದೆ. ಆ ನಾಲ್ಕು ಗಂಟೆಯಲ್ಲೂ ಅರ್ಧ ಗಂಟೆಗೆ ಆರೇಳು ನಿಮಿಷ ಮಾತ್ರ ಉರಿಸುವ ಟೈಮರ್ ಪದ್ಧತಿ ಇದೆ, ಅದೂ ಕೆಲಸ ಮಾಡುತ್ತದೆ. ಬಣ್ಣದ ಮಾತಿಗೆ ಬಂದರೆ, ಈ ಕೆಲಸದಲ್ಲಿ ಎಲ್ಲಕ್ಕಿಂತ ಗಟ್ಟಿ ಕೆಂಪು, 660 ನ್ಯಾನೊಮೀಟರ್ ಹತ್ತಿರದ್ದು. ಹಳೆಯ ಬುರುಡೆ ಬಲ್ಬಿನಲ್ಲಿ ಅದು ಧಾರಾಳ ಇತ್ತು, ಬಿಲ್ಲೂ ಧಾರಾಳ ಬರುತ್ತಿತ್ತು. ಎಲ್‌ಇಡಿಯಲ್ಲಿ ವಾರ್ಮ್ ವೈಟ್ ಅಥವಾ ಕೆಂಪು ತೆಗೆದುಕೊಳ್ಳಿ. ಕೂಲ್ ವೈಟಿನಲ್ಲಿ ಕೆಂಪು ಕಡಿಮೆ.

ವಿಯೆಟ್ನಾಮಿನ ಬಿನ್ ಥುಆನ್ ಕಡೆ ಡ್ರ್ಯಾಗನ್ ಫ್ರೂಟ್ ತೋಟಗಳಲ್ಲೂ ಹೀಗೇ ರಾತ್ರಿ ದೀಪ. ಅಲ್ಲಿ ಉದ್ದೇಶ ತದ್ವಿರುದ್ಧ. ಅದು ಉದ್ದದ ಹಗಲಿಗೆ ಹೂ ಬಿಡುವ ಗಿಡ, ಚಳಿಗಾಲದಲ್ಲಿ ಹೂ *ತರಿಸಲು* ದೀಪ.

ಬೀದಿದೀಪದ ಕೆಳಗಿರೋ ಅವರೆ ಬಳ್ಳಿ ಸೊಪ್ಪು ಬಿಡುತ್ತೆ, ಹೂ ಮಾತ್ರ ಇಲ್ಲ. ಗೊಬ್ಬರ ಜಾಸ್ತಿಯಾಯ್ತಾ?

ಗೊಬ್ಬರವೂ ಇರಬಹುದು, ಮೊದಲು ದೀಪದ ಮೇಲೆ ಅನುಮಾನ ಪಡಿ. ನಾಟಿ ಅವರೆ ಚಳಿಗಾಲದ ಉದ್ದದ ರಾತ್ರಿಗೆ ಕಾದು ಹೂ ಬಿಡುತ್ತದೆ. ಸೊಗಡಿನ ಕಾಯಿ ಡಿಸೆಂಬರ್, ಜನವರಿಯಲ್ಲಿ ಬರುವುದು ಅದಕ್ಕೇ. ರಾತ್ರಿಯಿಡೀ ಬೆಳಕು ಬಿದ್ದರೆ ಅದಕ್ಕೆ ಚಳಿಗಾಲ ಬಂದದ್ದೇ ತಿಳಿಯುವುದಿಲ್ಲ. ದೀಪದಿಂದ ದೂರದ ಕೊನೆಯಲ್ಲಿ ಹೂ ಕಂಡು, ಹತ್ತಿರ ಇಲ್ಲದಿದ್ದರೆ ಅನುಮಾನ ಗಟ್ಟಿ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಕ್ಯಾರೇ ಎನ್ನುವುದಿಲ್ಲ, ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ಸೊಗಡಿನ ವಿಷಯದಲ್ಲಿ ನನ್ನ ಮತ ನಾಟಿಗೇ.

ನೆರಳಿಗೆ ಹಸಿರು ನೆಟ್ ಒಳ್ಳೇದಾ, ಕಪ್ಪಾ, ಬಿಳಿನಾ?

ಎಲ್ಲರ ತಾರಸಿಯಲ್ಲೂ ಹಸಿರೇ. ಗಿಡದ ಬಣ್ಣ ತಾನೇ, ಒಳ್ಳೆಯದಿರಬೇಕು ಎಂಬ ನಂಬಿಕೆ. ಹಸಿರು ನೆಟ್ ನೀಲಿ, ಕೆಂಪನ್ನು ಹೆಚ್ಚು ತಡೆದು ಹಸಿರು, ಫಾರ್‌ರೆಡ್ ಬೆಳಕನ್ನು ಹೆಚ್ಚು ಬಿಡುತ್ತದೆ. ಕೆಳಗಿನ ಗಿಡಕ್ಕೆ ಮೇಲೆ ಬೇರೆ ಗಿಡಗಳಿವೆ ಎಂದೇ ಅನ್ನಿಸಿ ಉದ್ದಕ್ಕೆ ಎಳೆದುಕೊಳ್ಳಬಹುದು. ಕಪ್ಪು ನೆಟ್ ಬಣ್ಣ ಕೆಡಿಸುವುದಿಲ್ಲ, ಎಲ್ಲವನ್ನೂ ಸಮವಾಗಿ ತಗ್ಗಿಸುತ್ತದೆ. ಬಿಳಿ ನೆಟ್ ಬೆಳಕನ್ನು ಚದುರಿಸಿ ಒಳಗಿನ ಎಲೆಗಳಿಗೂ ಹಂಚುತ್ತದೆ, ತರಕಾರಿಗೆ ನಾನು ಹಾಕುವುದು ಅದನ್ನೇ. ಬಣ್ಣಕ್ಕಿಂತ ಮುಂಚೆ ನೆಟ್ ಶೇಕಡಾ ಎಷ್ಟು ಬೆಳಕು ತಡೆಯುತ್ತದೆಂದು ನೋಡಿ. ತರಕಾರಿ ಮೇಲೆ 75 ಪರ್ಸೆಂಟಿನ ನೆಟ್ ಹಾಕಿ ಬಣ್ಣ ಚರ್ಚಿಸುವುದರಲ್ಲಿ ಅರ್ಥವಿಲ್ಲ.

## ಸ್ವಲ್ಪ ಆಳಕ್ಕೆ

ಫಾರ್‌ರೆಡ್ ಫಾರ್‌ರೆಡ್ ಅಂತೀರಿ, ಗಿಡ ಅದನ್ನ ಏನು ಮಾಡುತ್ತೆ?

ಪಕ್ಕದಲ್ಲಿ ಯಾರಿದ್ದಾರೆಂದು ತಿಳಿಯುತ್ತದೆ. ಎಲೆಗಳು ಕೆಂಪನ್ನು ಹೀರುತ್ತವೆ, ಫಾರ್‌ರೆಡ್ ಬೆಳಕನ್ನು ದಾಟಿಸಿಬಿಡುತ್ತವೆ. ಬಯಲಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ದಟ್ಟ ಮರದಡಿ ಫಾರ್‌ರೆಡ್ ಹಲವು ಪಟ್ಟು ಹೆಚ್ಚು. ಕಾಫಿ ತೋಟದ ಸಿಲ್ವರ್ ಓಕ್ ನೆರಳಿಗೂ ಕಪ್ಪು ನೆಟ್ಟಿನ ನೆರಳಿಗೂ ಇರುವ ವ್ಯತ್ಯಾಸ ಇದೇ. ಎರಡರಡಿಯೂ ಲಕ್ಸ್ ಒಂದೇ ಇರಬಹುದು, ಗಿಡಕ್ಕೆ ತಲುಪುವ ಸುದ್ದಿ ಬೇರೆ.

ಈ ಗುಟ್ಟು ಬಯಲಾದದ್ದು ಲೆಟ್ಯೂಸ್ ಬೀಜದಿಂದ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ನೆನೆಸಿದ ಬೀಜದ ಮೇಲೆ ಕೆಂಪು ಬೆಳಕು ಬೀರಿದರು, ಮೊಳೆಯಿತು. ಕೆಂಪಿನ ಬೆನ್ನಿಗೇ ಫಾರ್‌ರೆಡ್ ಬೀರಿದರು, ಮೊಳೆಯಲಿಲ್ಲ. ಮತ್ತೆ ಕೆಂಪು, ಮೊಳೆಯಿತು. ಹೀಗೆ ಎಷ್ಟು ಸಲ ಬದಲಿಸಿದರೂ ಬೀಜ ಕೇಳುತ್ತಿದ್ದದ್ದು ಕೊನೆಯ ಮಾತನ್ನೇ. ಅದು 1952ರಲ್ಲಿ ಪ್ರಕಟವಾಯಿತು. ಎರಡು ರೂಪಗಳ ನಡುವೆ ಸ್ವಿಚ್ಚಿನಂತೆ ಓಲಾಡುವ ಆ ವರ್ಣದ್ರವ್ಯವೇ ಫೈಟೊಕ್ರೋಮ್. ಸೇವಂತಿಗೆಯ ರಾತ್ರಿ ದೀಪ ಒತ್ತುವುದೂ ಇದೇ ಸ್ವಿಚ್ಚನ್ನು.

ಊಟದಲ್ಲೂ ಇದಕ್ಕೆ ಪಾಲುಂಟು. ಫಾರ್‌ರೆಡ್ ಒಂಟಿಯಾಗಿ ಹೆಚ್ಚೇನೂ ಮಾಡದು, ಕೆಂಪಿನ ಜೊತೆ ಸೇರಿಸಿದರೆ ಎರಡರ ಮೊತ್ತಕ್ಕಿಂತ ಹೆಚ್ಚು ಕೆಲಸವಾಗುತ್ತದೆ ಎಂದು ರಾಬರ್ಟ್ ಎಮರ್ಸನ್ 1957ರಲ್ಲಿ ತೋರಿಸಿದ್ದರು.

ಪಾಲಿಹೌಸಲ್ಲಿ ಬೆಳೆದ ನೇರಳೆ ಬದನೆ, ಕೆಂಪು ಲೆಟ್ಯೂಸ್ ಬಣ್ಣ ಪೇಲವ ಆಗುತ್ತೆ. ಯಾಕೆ?

ಪಾಲಿಹೌಸಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ನೋಡಿ. ಅತಿನೇರಳೆ ಕಿರಣ ತಡೆಯುವ ಹಾಳೆ ಹಾಕಿದ್ದರೆ ಇದು ಸಹಜ. ಆ ನೇರಳೆ-ಕೆಂಪು ಬಣ್ಣ ಗಿಡ ಬಿಸಿಲಿನಿಂದ ಕಾಪಾಡಿಕೊಳ್ಳಲು ಹೊದೆಯುವ ಛತ್ರಿ. ನೀಲಿ, ಅತಿನೇರಳೆ ಕಿರಣ ಬಿದ್ದರೆ ಛತ್ರಿ ಬಿಚ್ಚುತ್ತದೆ, ಇಲ್ಲದಿದ್ದರೆ ಏಕೆ ಖರ್ಚು ಎಂದು ಸುಮ್ಮನಿರುತ್ತದೆ.

ವ್ಯಾಟ್, ಲಕ್ಸ್, ಪಿಪಿಎಫ್‌ಡಿ. ಅಂಗಡಿಯವನು ಒಂದೊಂದು ಹೇಳ್ತಾನೆ. ಯಾವುದನ್ನ ನಂಬೋದು?

ವ್ಯಾಟ್ ದೀಪ ತಿನ್ನುವ ಕರೆಂಟಿನ ಅಳತೆ. ಲಕ್ಸ್ ಮನುಷ್ಯರ ಕಣ್ಣಿನ ಅಳತೆ, ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಕಾಣುವುದರಿಂದ ನೇರಳೆ ದೀಪದ ಮುಂದೆ ಅದು ಕೆಲಸಕ್ಕೆ ಬಾರದು. ಗಿಡದ ಅಳತೆ ಪಿಪಿಎಫ್‌ಡಿ: ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಫೋಟಾನು ಬಿತ್ತು ಎಂಬುದು. ಬಿಳಿ ಎಲ್‌ಇಡಿಯಾದರೆ ಲಕ್ಸನ್ನು ಸುಮಾರು 70ರಿಂದ ಭಾಗಿಸಿ, ಬಿಸಿಲಾದರೆ 54ರಿಂದ. ಹತ್ತು ಸಾವಿರ ಲಕ್ಸಿನ ಟ್ಯೂಬ್ ಬೆಳಕು 140ರ ಆಸುಪಾಸು, ನಡುಮಧ್ಯಾಹ್ನದ ಬಿಸಿಲು 2000ದ ಹತ್ತಿರ. ಆ ಟ್ಯೂಬುಗಳು ದಿನಕ್ಕೆ 14 ಗಂಟೆ ಉರಿದರೆ ಚದರ ಮೀಟರಿಗೆ ಬರುವುದು ಒಟ್ಟು ಏಳು ಮೋಲ್ (ಒಂದು ಮೋಲ್ ಎಂದರೆ ಹತ್ತು ಲಕ್ಷ ಮೈಕ್ರೋಮೋಲ್), ಬೆಂಗಳೂರಿನ ತಾರಸಿಗೆ ಒಳ್ಳೆಯ ಬಿಸಿಲಿನ ದಿನ ನಲವತ್ತರಷ್ಟು ಪುಕ್ಕಟೆ ಸುರಿಯುತ್ತದೆ.

ಬಾಹ್ಯಾಕಾಶದಲ್ಲಿ ಸೊಪ್ಪು ಬೆಳೆದ್ರಂತಲ್ಲ, ಅಲ್ಲಿ ಯಾವ ಬಣ್ಣದ ದೀಪ ಹಾಕಿದ್ರು?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ನಾಸಾ 2014ರಲ್ಲಿ ಕಳಿಸಿದ 'ವೆಜಿ' ಪೆಟ್ಟಿಗೆಯಲ್ಲಿ ಕೆಂಪು, ನೀಲಿ, ಹಸಿರು ಎಲ್‌ಇಡಿಗಳಿವೆ. 2015ರ ಆಗಸ್ಟಿನಲ್ಲಿ ಅಲ್ಲಿನವರು ಕೆಂಪು ಲೆಟ್ಯೂಸ್ ಕಿತ್ತು ತಿಂದರು. ಬೆಳೆಗೆ ಕೆಂಪು, ನೀಲಿಯೇ ಸಾಕಾಗುತ್ತಿತ್ತು. ಹಸಿರು ದೀಪ ಸೇರಿಸಿದ್ದು ಮುಖ್ಯವಾಗಿ ಮನುಷ್ಯರಿಗಾಗಿ: ನೇರಳೆ ಬೆಳಕಿನಲ್ಲಿ ಕಪ್ಪಗೆ ಕಾಣುವ ಎಲೆಯನ್ನು ತಿನ್ನಲು ಯಾರಿಗೂ ಮನಸ್ಸಾಗುವುದಿಲ್ಲ.